ದೂರದಿಂದ ತೆಗೆದ ಮುಖಗಳು

ಕಳೆದ ತಿಂಗಳು ಬೆಂಗಳೂರಿನಲ್ಲಿ ಹವ್ಯಾಸಿ ಛಾಯಾಗ್ರಾಹಕರ ಕೂಟವೊಂದು ಏರ್ಪಡಿಸಿದ್ದ ಪ್ರದರ್ಶನವನ್ನು ನೋಡಿ ಬಂದೆ. ಎರಡು ಕೋಣೆಗಳು; ಒಂದರ ತುಂಬ ಮನುಷ್ಯರ ಮುಖಗಳು, ಇನ್ನೊಂದರ ತುಂಬ ಹಕ್ಕಿಗಳು. ಮುಖಗಳೆಲ್ಲವೂ ಬಯಲಿನಲ್ಲಿ, ಹಗಲು ಬೆಳಕಿನಲ್ಲಿ, ಉದ್ದನೆಯ ಟೆಲಿಫೋಟೋ ಮಸೂರದಿಂದ ತೆಗೆದವು. ಜಾತ್ರೆಯ ಮುದುಕಿಯರು, ಬೀಡಿ ಸೇದುವ ಮುದುಕರು, ಓಕುಳಿಯ ಬಣ್ಣ ಮೆತ್ತಿಕೊಂಡ ಹುಡುಗರು, ಹುಲ್ಲುಹೊರೆ ಹೊತ್ತ ಹೆಂಗಸರು. ಒಟ್ಟು ನಲವತ್ತೊಂದು ಮುಖಗಳನ್ನು ಎಣಿಸಿದೆ. ಎಣಿಸಿದ್ದಕ್ಕೆ ಕಾರಣವುಂಟು. ಒಂದಾದ ಮೇಲೊಂದನ್ನು ನೋಡುತ್ತ ಹೋದಂತೆ, ಹತ್ತನೆಯದರ ಹೊತ್ತಿಗೆ, ಆಗಲೇ ನೋಡಿ ಮುಗಿಸಿದ ಚಿತ್ರದ ಮುಂದೆಯೇ ಮತ್ತೆ ಬಂದು ನಿಂತಿದ್ದೇನೆಯೋ ಎಂಬ ಅನುಮಾನ ನನಗೆ ಬಂದಿತು.

ಚಿತ್ರಗಳು ಕೆಟ್ಟವಲ್ಲ, ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ರೆಪ್ಪೆಯ ಕೂದಲನ್ನು ಒಂದೊಂದಾಗಿ ಎಣಿಸಬಹುದು. ಹಿನ್ನೆಲೆ ಬೆಣ್ಣೆಯಂತೆ ಕರಗಿದೆ. ಬಣ್ಣದಲ್ಲಿ, ಮುದ್ರಣದಲ್ಲಿ, ಕಟ್ಟು ಹಾಕಿಸಿದ್ದರಲ್ಲಿ ಯಾರೂ ಬೊಟ್ಟು ಮಾಡುವಂತಿಲ್ಲ. ಈಗಿನ ಕ್ಯಾಮರಾ ಎದುರಿಗಿರುವವರ ಕಣ್ಣನ್ನು ತಾನೇ ಹುಡುಕಿ ಅದರ ಮೇಲೆ ನಾಟುತ್ತದೆ. ಮಸೂರದೊಳಗಿನ ಯಂತ್ರ ಕೈನಡುಕವನ್ನು ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ. ಒಂದು ತಲೆಮಾರಿನ ಹಿಂದೆ ವರ್ಷಗಟ್ಟಲೆ ದುಡಿದು ಪಡೆಯಬೇಕಾಗಿದ್ದ ಹದ ಇಂದು ಅಂಗಡಿಯಲ್ಲಿ ದೊರೆಯುತ್ತದೆ. ಇಷ್ಟೆಲ್ಲ ಇದ್ದೂ, ಹೊರಗೆ ಬಂದು ಕಾಫಿ ಕುಡಿಯುತ್ತ ಕುಳಿತಾಗ ಆ ನಲವತ್ತೊಂದರಲ್ಲಿ ಒಂದು ಮುಖವೂ ನೆನಪಿನಲ್ಲಿ ನಿಲ್ಲಲಿಲ್ಲ, ಒಂದನ್ನು ಬಿಟ್ಟು. ಅದರ ಮಾತನ್ನು ಆಮೇಲೆ ಆಡುತ್ತೇನೆ.

ಕೂಟದ ಕಾರ್ಯದರ್ಶಿಗಳು ಸಜ್ಜನರು. "ಬರೀ ಹೊಗಳಬೇಡಿ, ಎಲ್ಲಿ ತಿದ್ದಿಕೊಳ್ಳಬೇಕು ಹೇಳಿ" ಎಂದರು. ಹಾಗೆ ಕೇಳಿದವರಿಗೆ ಹಾರಿಕೆಯ ಮಾತು ಹೇಳಿ ಕಳಿಸುವುದು ಮರ್ಯಾದೆಯಲ್ಲ. ಆದರೆ ನಾನು ನ್ಯಾಯಾಧೀಶನ ಪೀಠದಲ್ಲಿ ಕುಳಿತು ಇದನ್ನು ಬರೆಯುತ್ತಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ನನ್ನ ಚೀಲದಲ್ಲಿಯೂ ಒಂದು ೩೦೦ ಮಿ.ಮೀ. ಮಸೂರವಿದೆ. ಅದನ್ನು ಹಿಡಿದು ನಾನು ಮಾಡಿದ ಅಪರಾಧವನ್ನೂ ಇಲ್ಲಿಯೇ ಒಪ್ಪಿಕೊಳ್ಳುತ್ತೇನೆ.

ಪೋರ್ಟ್ರೇಟ್ ಎಂಬುದಕ್ಕೆ ಕನ್ನಡದಲ್ಲಿ ನಾವು ಭಾವಚಿತ್ರ ಎನ್ನುತ್ತೇವೆ. ಯಾರು ಮೊದಲು ಆ ಮಾತನ್ನು ತಂದರೋ, ಬಹಳ ದೊಡ್ಡ ಹೊಣೆಯನ್ನು ಛಾಯಾಗ್ರಾಹಕನ ಹೆಗಲಿಗೆ ಹೊರಿಸಿದ್ದಾರೆ. ಮುಖ ಬಂದರೆ ಸಾಲದು, ಭಾವ ಬರಬೇಕು. ಭಾವವೆಂಬುದು ಒಬ್ಬನ ಮುಖದಲ್ಲಿ ತಾನಾಗಿ ಕುಳಿತಿರುವ ವಸ್ತುವಲ್ಲ. ಎದುರಿಗೆ ಯಾರು ನಿಂತಿದ್ದಾರೆ, ಎಷ್ಟು ದೂರದಲ್ಲಿ ನಿಂತಿದ್ದಾರೆ ಎಂಬುದನ್ನು ನೋಡಿಕೊಂಡು ಅದು ಮೂಡುತ್ತದೆ, ಇಲ್ಲವೆ ಅಡಗುತ್ತದೆ. ಆದ್ದರಿಂದ ದೂರದ ಲೆಕ್ಕವನ್ನೇ ಮೊದಲು ನೋಡೋಣ.

ಉದ್ದ ಮಸೂರ ಮುಖವನ್ನು ಚಪ್ಪಟೆ ಮಾಡುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಮಾತು ಅರ್ಧ ಮಾತ್ರ ನಿಜ. ಚಪ್ಪಟೆ ಮಾಡುವುದು ಮಸೂರವಲ್ಲ, ನಾವು ನಿಂತ ದೂರ. ಒಂದೇ ಜಾಗದಲ್ಲಿ ನಿಂತು ಗಿಡ್ಡ ಮಸೂರದಿಂದ ತೆಗೆದು, ನಡುವಿನ ಭಾಗವನ್ನು ಕತ್ತರಿಸಿ ಹಿಗ್ಗಿಸಿದರೂ ಮೂಗು ಕಿವಿಗಳ ಪರಸ್ಪರ ಅಳತೆ ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ಮೂಗಿನ ತುದಿಗೂ ಕಿವಿಗೂ ೧೨ ಸೆಂ.ಮೀ. ಅಂತರವೆಂದು ಇಟ್ಟುಕೊಳ್ಳಿ. ಕ್ಯಾಮರಾ ಮೂಗಿನಿಂದ ಅರ್ಧ ಮೀಟರು ದೂರದಲ್ಲಿದ್ದರೆ, ಮೂಗಿನ ಅಳತೆಗೆ ಹೋಲಿಸಿದಾಗ ಕಿವಿ ಇರಬೇಕಾದುದಕ್ಕಿಂತ ನೂರಕ್ಕೆ ೧೯ರಷ್ಟು ಸಣ್ಣದಾಗಿ ಕಾಣುತ್ತದೆ, ಮೂಗು ಬದನೆಕಾಯಿಯಾಗುತ್ತದೆ. ಸುಮಾರು ನಾಲ್ಕು ಅಡಿಯಿಂದ ನೋಡಿದರೆ ಈ ವ್ಯತ್ಯಾಸ ನೂರಕ್ಕೆ ೯ಕ್ಕೆ ಇಳಿಯುತ್ತದೆ. ಹದಿನೈದು ಅಡಿಗೆ ಸರಿದರೆ ನೂರಕ್ಕೆ ಮೂರಕ್ಕಿಂತ ಕಡಿಮೆ. ಅಲ್ಲಿಂದಾಚೆಗೆ ಎಷ್ಟು ಹಿಂದೆ ಹೋದರೂ ಮುಖದ ಆಕಾರದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಿಲ್ಲ. ಮುಖವು ನಾಣ್ಯದ ಮೇಲಿನ ಅಚ್ಚಿನಂತಾಗುತ್ತದೆ.

ಈ ಹದಿನೈದು ಅಡಿ ಎಲ್ಲಿಂದ ಬಂತೆಂದರೆ, ೩೫ ಮಿ.ಮೀ. ಚೌಕಟ್ಟಿನ ಕ್ಯಾಮರಾವನ್ನು ನೆಟ್ಟಗೆ ತಿರುಗಿಸಿ, ೩೦೦ ಮಿ.ಮೀ. ಮಸೂರ ಹಾಕಿ, ತಲೆ ಮತ್ತು ಹೆಗಲು ತುಂಬುವಂತೆ, ಎಂದರೆ ಅರ್ಧ ಮೀಟರು ಎತ್ತರದ ನೋಟ ಬರುವಂತೆ ತೆಗೆಯಬೇಕಾದರೆ ಅಷ್ಟು ದೂರ ನಿಲ್ಲಲೇಬೇಕು. ೮೫ ಮಿ.ಮೀ. ಮಸೂರಕ್ಕೆ ಇದೇ ಚಿತ್ರ ನಾಲ್ಕು ಅಡಿಯಲ್ಲಿ ಸಿಕ್ಕುತ್ತದೆ. ನಾಲ್ಕು ಅಡಿ ಎಂದರೆ ಜಗಲಿಯ ಮೇಲೆ ಕುಳಿತು ಎಲೆಯಡಕೆ ಹಂಚಿಕೊಳ್ಳುವಷ್ಟು ದೂರ. ಹದಿನೈದು ಅಡಿ ಎಂದರೆ ಬೀದಿಯ ಆಚೆ ಬದಿ. ಬೀದಿಯ ಆಚೆಗಿರುವವರನ್ನು ನಾವು ನೋಡುವ ಬಗೆಯೇ ಬೇರೆ. ಅವರೂ ನಮ್ಮನ್ನು ನೋಡುವ ಬಗೆ ಬೇರೆ. ಮೂಗು ಕಿವಿಗಳ ಲೆಕ್ಕಕ್ಕಿಂತ ಈ ಲೆಕ್ಕ ದೊಡ್ಡದು.

ಇದಕ್ಕೆ ಪ್ರತಿಯಾಗಿ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಅವರ ಉದಾಹರಣೆಯನ್ನು ಕೆಲವರು ಎತ್ತುವುದುಂಟು. ೧೮೧೫ರಲ್ಲಿ ಕಲ್ಕತ್ತೆಯಲ್ಲಿ ಹುಟ್ಟಿ ೧೮೭೯ರಲ್ಲಿ ಸಿಂಹಳದಲ್ಲಿ ತೀರಿಕೊಂಡ ಈ ಹೆಂಗಸು ೧೮೬೬ರ ಸುಮಾರಿಗೆ ೩೦ ಅಂಗುಲ ಸಂಗಮದೂರದ ಡಾಲ್ಮೈಯರ್ ಮಸೂರವನ್ನು ಬಳಸಲು ತೊಡಗಿದರು. ೩೦ ಅಂಗುಲವೆಂದರೆ ೭೬೦ ಮಿ.ಮೀ.ಗೂ ಮೇಲೆ! ನಮ್ಮ ಹಕ್ಕಿ ಹಿಡಿಯುವವರೂ ಬೆರಗಾಗಬೇಕು. ಆದರೆ ಅವರ ಗಾಜಿನ ಫಲಕ ೧೫ ಅಂಗುಲಕ್ಕೆ ೧೨ ಅಂಗುಲದ್ದು. ಅದರ ಮೇಲೆ ತಲೆಯನ್ನು ಹೆಚ್ಚುಕಡಿಮೆ ನಿಜದ ಗಾತ್ರದಲ್ಲಿ ಮೂಡಿಸಬೇಕಾದರೆ ಮಸೂರವನ್ನು ಐದಾರು ಅಡಿಯಲ್ಲಿಯೇ ಇಡಬೇಕು. ಖಗೋಳಜ್ಞ ಹರ್ಷೆಲ್ಲರ ೧೮೬೭ರ ಭಾವಚಿತ್ರವನ್ನು ನೋಡಿದವರಿಗೆ ಇದು ಗೊತ್ತು. ಆ ಕೆದರಿದ ಬಿಳಿಗೂದಲು, ಆ ಆರ್ದ್ರವಾದ ಕಣ್ಣು, ಯಾರೋ ಎದುರಿಗೇ ಕುಳಿತು ಬಹಳ ಹೊತ್ತು ದಿಟ್ಟಿಸಿದ್ದರ ಗುರುತು. ಮಸೂರ ಉದ್ದವಾದ ಮಾತ್ರಕ್ಕೆ ಮನುಷ್ಯ ದೂರವಾಗಬೇಕಾಗಿಲ್ಲ. ಇನ್ನು ನಿಜವಾದ ಅರ್ಥದ ಟೆಲಿಫೋಟೋ, ಎಂದರೆ ಸಂಗಮದೂರಕ್ಕಿಂತ ಕೊಳವೆ ಗಿಡ್ಡವಾಗಿರುವಂಥ ರಚನೆ, ೧೮೯೧ರಲ್ಲಿ ಬಂದುದು. ಅದಕ್ಕೆ ಪೇಟೆಂಟ್ ಪಡೆದವರಲ್ಲಿ ಇದೇ ಡಾಲ್ಮೈಯರ್ ಮನೆತನದ ಮಗನೂ ಒಬ್ಬ. ಇದು ಪ್ರಾಸಂಗಿಕ.

ಈಗ ನನ್ನ ಅಪರಾಧದ ಕಥೆ.

ಬಸವನಗುಡಿಯಲ್ಲಿ ಕಾರ್ತಿಕದ ಕಡೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವುದನ್ನು ಓದುಗರು ಬಲ್ಲರು. ಕೆಲವು ವರ್ಷಗಳ ಹಿಂದೆ ನಾನೂ ಅಲ್ಲಿಗೆ ನನ್ನ ಉದ್ದ ಮಸೂರವನ್ನು ಹೊತ್ತು ಹೋದೆ. ದೊಡ್ಡ ಬಸವನ ಗುಡಿಯ ಬೀದಿಯಲ್ಲಿ, ರಸ್ತೆಯ ಆಚೆ ಬದಿಗೆ, ಒಬ್ಬ ಅಜ್ಜಿ ಕಡಲೆಕಾಯಿ ರಾಶಿ ಹಾಕಿಕೊಂಡು ಕುಳಿತಿದ್ದಳು. ಮುಖದ ತುಂಬ ಸುಕ್ಕು, ಮೂಗಿನ ಎರಡು ಕಡೆಗೂ ಮೂಗುಬಟ್ಟು. ನಮ್ಮಂಥವರಿಗೆ ಇನ್ನೇನು ಬೇಕು? ಮರದ ಬದಿಗೆ ನಿಂತು, ಅಪರ್ಚರನ್ನು ಪೂರ್ತಿ ತೆರೆದು, ಅವಳಿಗೆ ತಿಳಿಯದಂತೆ ಹತ್ತು ಹದಿನೈದು ಚಿತ್ರ ತೆಗೆದೆ. ಅದರಲ್ಲೊಂದನ್ನು ದೊಡ್ಡದಾಗಿ ಅಚ್ಚು ಹಾಕಿಸಿ ಗೋಡೆಗೆ ತೂಗುಹಾಕಿದೆ. ಬಂದವರೆಲ್ಲ "ಎಂಥ ಮುಖ!" ಎಂದರು. ನಾನೂ ಹಾಗೆಯೇ ನಂಬಿದೆ.

ಮರುವರ್ಷ ಅದರ ಒಂದು ಪ್ರತಿಯನ್ನು ಕೊಟ್ಟುಬರೋಣವೆಂದು ಹುಡುಕಿಕೊಂಡು ಹೋದೆ. ಅದೇ ಜಾಗದಲ್ಲಿ ಅಜ್ಜಿ ಸಿಕ್ಕಿದಳು. ಪಟವನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ಬಹಳ ಹೊತ್ತು ನೋಡಿದಳು.

"ಯಾರು ಸಾಮಿ ಇವಳು?" ಎಂದಳು.

"ನೀವೇ ಅಜ್ಜಿ. ಹೋದ ಸಲದ ಪರಿಷೇಲಿ ತೆಗೆದದ್ದು."

"ನಾನಾ?" ಎಂದು ಪಕ್ಕದಲ್ಲಿದ್ದ ಮೊಮ್ಮಗನಿಗೆ ತೋರಿಸಿದಳು. ಅವನು ಹೌದೆಂದ ಮೇಲೆ ಒಪ್ಪಿಕೊಂಡಳು. ಆಮೇಲೆ ಕೇಳಿದಳು: "ನನ್ನ ಕಡ್ಲೆಕಾಯಿ ಎಲ್ಲೋಯ್ತು ಸಾಮಿ?"

ನಾನು ಪಟವನ್ನು ನೋಡಿದೆ. ಕಡಲೆಕಾಯಿ ಇರಲಿಲ್ಲ. ಸೇರು ಇರಲಿಲ್ಲ. ಮೊಮ್ಮಗ ಅಂದೂ ಪಕ್ಕದಲ್ಲಿಯೇ ಕುಳಿತಿದ್ದನಂತೆ, ಅವನೂ ಇರಲಿಲ್ಲ. ಹಿಂದಿದ್ದ ಪರಿಷೆಯ ಸಂತೆಯೆಲ್ಲ ಹಸಿರು ಹಳದಿ ಮೋಡವಾಗಿ ಕದಡಿತ್ತು. ಉಳಿದದ್ದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಒಂದು ಮುಖ ಮಾತ್ರ.

"ಹೇಳಿದ್ದಿದ್ರೆ ಸೆರಗಾದ್ರೂ ಸರಿ ಮಾಡ್ಕೋತಿದ್ದೆ" ಎಂದು ಹೇಳಿ, ಪಟವನ್ನು ಗೋಣಿಯ ಕೆಳಗೆ ಇಟ್ಟುಕೊಂಡಳು. ಬೇಸರದಿಂದ ಹೇಳಿದ ಮಾತಲ್ಲ. ನನಗೆ ಅರ್ಧ ಸೇರು ಕಡಲೆಕಾಯಿಯನ್ನೂ ಪುಕ್ಕಟೆ ಸುರಿದುಕೊಟ್ಟಳು.

ಮಹಾ ವಿಮರ್ಶಕರು ಯಾರೂ ನನ್ನ ಆ ಚಿತ್ರವನ್ನು ಅಷ್ಟು ಸರಿಯಾಗಿ ವಿಮರ್ಶಿಸಿರಲಿಲ್ಲ. ಪ್ರದರ್ಶನದ ಕೋಣೆಯಲ್ಲಿ ನಿಂತಾಗ ನನ್ನ ಕಿವಿಯಲ್ಲಿ ಇದ್ದದ್ದು ಅಜ್ಜಿಯ ಪ್ರಶ್ನೆಯೇ. ಆ ಮುದುಕರ ಬೀಡಿಯಂಗಡಿ ಎಲ್ಲಿ ಹೋಯಿತು? ಆ ಹೆಂಗಸು ನಡೆದುಬಂದ ಬದು ಎಲ್ಲಿ? ಹಿನ್ನೆಲೆ ಕರಗಿದಷ್ಟೂ ಚಿತ್ರ ಉತ್ತಮವೆಂಬ ನಂಬಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಈಗ ಜೇಬಿನ ಫೋನುಗಳೂ ಲೆಕ್ಕಾಚಾರದಿಂದ ಹಿನ್ನೆಲೆಯನ್ನು ಕದಡಿಕೊಡುತ್ತವೆ. ಮದುವೆಯ ಮನೆಯಲ್ಲಿ ಚಿಕ್ಕ ಮಕ್ಕಳೂ ಆ ಕೆಲಸ ಮಾಡುತ್ತಾರೆ. ಅದೇ ಒಂದು ಹೆಚ್ಚುಗಾರಿಕೆಯಾಗಿ ಉಳಿದಿಲ್ಲ.

ಹಿನ್ನೆಲೆಯ ವಿಷಯದಲ್ಲಿ ಉದ್ದ ಮಸೂರಕ್ಕೆ ಒಂದು ನಿಜವಾದ ಗುಣವಿದೆ, ಅದನ್ನು ನಮ್ಮ ಮಿತ್ರರು ಅಷ್ಟಾಗಿ ಬಳಸಿಕೊಂಡಿಲ್ಲ. ಅದು ಹಿನ್ನೆಲೆಯನ್ನು ಅಳಿಸುವ ಗುಣವಲ್ಲ, ಆರಿಸುವ ಗುಣ. ಮೇಲೆ ಹೇಳಿದ ತಲೆ-ಹೆಗಲಿನ ಚಿತ್ರದಲ್ಲಿ, ಕುಳಿತವರ ಹಿಂದೆ ಇಪ್ಪತ್ತು ಮೀಟರು ದೂರದಲ್ಲಿ ಒಂದು ಗೋಡೆಯಿದೆಯೆನ್ನಿ. ೮೫ ಮಿ.ಮೀ. ಮಸೂರ ಆ ಗೋಡೆಯಲ್ಲಿ ಒಂಬತ್ತು ಮೀಟರಿನಷ್ಟನ್ನು ಚೌಕಟ್ಟಿಗೆ ಸೇರಿಸಿಕೊಳ್ಳುತ್ತದೆ; ೩೦೦ ಮಿ.ಮೀ. ಮಸೂರ ಮೂರು ಮೀಟರನ್ನು ಮಾತ್ರ. ಛಾಯಾಗ್ರಾಹಕ ಎರಡು ಹೆಜ್ಜೆ ಎಡಕ್ಕೆ ಸರಿದರೆ ಗೋಡೆ ಹೋಗಿ ಬಾಗಿಲಿನ ಕತ್ತಲು ಬರುತ್ತದೆ, ಇನ್ನೆರಡು ಹೆಜ್ಜೆಗೆ ಕತ್ತಲು ಹೋಗಿ ಹುಣಿಸೆಮರ. ಸ್ವಲ್ಪ ಕುಕ್ಕರಿಸಿದರೆ ಆಕಾಶ. ಮುಖದ ಮೇಲೆ ಇದರ ಪರಿಣಾಮ ಅತ್ಯಲ್ಪ, ಹಿಂದಿನ ಲೋಕವೆಲ್ಲ ಬೇರೆ. ಇಷ್ಟು ಸ್ವಾತಂತ್ರ್ಯವನ್ನು ಕೈಯಲ್ಲಿಟ್ಟುಕೊಂಡು, ನಿಂತಲ್ಲಿಯೇ ನಿಂತು ಅಪರ್ಚರನ್ನು ತೆರೆದುಬಿಡುವುದು ಸೋಮಾರಿತನ. ಹದಿನಾಲ್ಕನೆಯ ಸಂಖ್ಯೆಯ ಚಿತ್ರದಲ್ಲಿ ಒಬ್ಬ ಹುಡುಗಿಯ ತಲೆಯಿಂದ ಒಂದು ಬಿಳಿಯ ಕಂಬ ಮೇಲೆದ್ದಿದೆ. ಎಷ್ಟು ಕದಡಿದ್ದರೂ ಕಂಬ ಕಂಬವೇ. ಒಂದು ಹೆಜ್ಜೆಯ ಕೆಲಸ ಅದು.

ಪೂರ್ತಿ ತೆರೆದ ಅಪರ್ಚರಿನ ಇನ್ನೊಂದು ದಂಡವನ್ನೂ ಹೇಳಬೇಕು. ೩೦೦ ಮಿ.ಮೀ. ಮಸೂರವನ್ನು ಎಫ್ ೨.೮ಕ್ಕೆ ತೆರೆದು ಹದಿನೈದು ಅಡಿಯಿಂದ ತೆಗೆದರೆ, ಹರಿತವಾಗಿ ಕಾಣುವ ಆಳ ನಾಲ್ಕು ಸೆಂ.ಮೀ. ಕೂಡ ಇಲ್ಲ. ಮುಖ ಕೊಂಚ ಓರೆಯಾದರೆ ಒಂದು ಕಣ್ಣು ಹರಿತ, ಇನ್ನೊಂದು ಮಸುಕು. ಎಫ್ ೮ಕ್ಕೆ ತಂದರೆ ಹನ್ನೊಂದು ಸೆಂ.ಮೀ. ಆಗುತ್ತದೆ, ಕಣ್ಣಿನಿಂದ ಕಿವಿಯವರೆಗೆ ಮುಖ ಒಂದೇ ಮುಖವಾಗಿ ಉಳಿಯುತ್ತದೆ, ಹಿನ್ನೆಲೆಯೂ ತಾನು ಏನೆಂಬುದನ್ನು ಅಷ್ಟಿಷ್ಟು ಹೇಳುತ್ತದೆ. ಹಾಗೆ ಮಾಡಿದರೆ ಬೆಳಕು ಸಾಲದು ಎನ್ನುವ ಕಾಲ ಹೋಯಿತು. ಈಗಿನ ಕ್ಯಾಮರಾಗಳ ಗ್ರಹಣಶಕ್ತಿಯನ್ನು ಏರಿಸಿಕೊಳ್ಳಬಹುದು. ಕೈನಡುಕಕ್ಕೆ ಸೆಕೆಂಡಿನ ಐನೂರರಲ್ಲೊಂದು ಭಾಗದ ವೇಗ, ಆಗದಿದ್ದರೆ ಒಂಟಿಕಾಲಿನ ಊರೆಗೋಲು. ಇದರ ವಿಷಯ ಹೆಚ್ಚು ಬೇಡ, ಕೈಪಿಡಿಗಳಲ್ಲಿಯೇ ಇದೆ. ಮಸೂರದೊಳಗಿನ ಯಂತ್ರ ನಮ್ಮ ಕೈಯನ್ನು ನಿಲ್ಲಿಸುತ್ತದೆಯೇ ಹೊರತು ಎದುರಿಗಿರುವವರ ತಲೆಯನ್ನು ನಿಲ್ಲಿಸುವುದಿಲ್ಲವೆಂಬುದನ್ನು ಮರೆಯದಿದ್ದರೆ ಸಾಕು.

ಬೆಳಕಿನ ವಿಷಯದಲ್ಲಿ ನನ್ನ ತಕರಾರು ಹೆಚ್ಚು. ನಲವತ್ತೊಂದರಲ್ಲಿ ಅರ್ಧಕ್ಕಿಂತ ಹೆಚ್ಚು ಚಿತ್ರಗಳು ಮಧ್ಯಾಹ್ನದ ಆಸುಪಾಸಿನಲ್ಲಿ ತೆಗೆದವು. ಕಣ್ಣಿನ ಗೂಡುಗಳು ಕತ್ತಲು, ಮೂಗಿನ ಕೆಳಗೆ ಮೀಸೆಯಂತೆ ನೆರಳು, ಹಣೆ ಬೆಳ್ಳಗೆ ಸುಟ್ಟಿದೆ. ನಡುಹಗಲಿನ ಕಾದ ನೆಲದ ಮೇಲೆ ಗಾಳಿ ನೀರಿನಂತೆ ನಡುಗುತ್ತದೆ. ಆ ಗಾಳಿಯ ಹತ್ತಾರು ಅಡಿಗಳನ್ನು ತೂರಿ ಬರುವ ಉದ್ದ ಮಸೂರದ ಚಿತ್ರಕ್ಕೆ ಎಷ್ಟು ಬೆಲೆಯ ಗಾಜಿದ್ದರೂ ಹರಿತ ಬರುವುದಿಲ್ಲ. ದೂರ ನಿಂತವನಿಗೆ ಬೆಳಕನ್ನು ತಿದ್ದುವ ದಾರಿಯೂ ಮುಚ್ಚಿಹೋಗುತ್ತದೆ. ಕ್ಯಾಮರಾದ ಮೇಲಿನ ಫ್ಲಾಷು ನಾಲ್ಕು ಅಡಿಯಲ್ಲಿ ಕೊಡುವ ಬೆಳಕಿಗೆ ಹದಿನೈದು ಅಡಿಯಲ್ಲಿ ಹನ್ನೆರಡರಲ್ಲೊಂದು ಪಾಲಿಗಿಂತ ಹೆಚ್ಚು ಉಳಿಯುವುದಿಲ್ಲ. ಪ್ರತಿಫಲಕ ಹಿಡಿಯಬೇಕಾದರೆ ಒಬ್ಬ ಸಹಾಯಕ ಹತ್ತಿರ ಹೋಗಿ ನಿಲ್ಲಬೇಕು. ಆಗ ಕದ್ದು ತೆಗೆಯುವ ಮಾತೇ ಇಲ್ಲ. ನನಗೆ ಕಾಣುವಂತೆ ಇದು ಪ್ರಕೃತಿಯೇ ಹಾಕಿಕೊಟ್ಟ ಒಂದು ಒಳ್ಳೆಯ ಕಟ್ಟಳೆ. "ಅಜ್ಜಿ, ಈ ಕಡೆ ಸೂರಿನ ನೆರಳಿಗೆ ಬರ್ತೀರಾ?" ಎಂದು ಕೇಳಿದ ಕೂಡಲೆ ಬೆಳಕೂ ಸರಿಹೋಗುತ್ತದೆ, ಸಂಬಂಧವೂ ಶುರುವಾಗುತ್ತದೆ. ಎದುರಿಗೆ ಸುಣ್ಣ ಬಳಿದ ಗೋಡೆಯಿದ್ದರೆ ಅದಕ್ಕಿಂತ ಒಳ್ಳೆಯ ಪ್ರತಿಫಲಕವಿಲ್ಲ. ಗೋಡೆ ಇಲ್ಲದಿದ್ದರೆ ಯಾರಾದರೂ ಒಂದು ಬಿಳಿಯ ಪಂಚೆಯನ್ನು ಬಿಡಿಸಿ ಹಿಡಿದರೂ ಆದೀತು. ಕಣ್ಣುಗುಡ್ಡೆಯಲ್ಲಿ ಒಂದು ಬೆಳಕಿನ ಚುಕ್ಕೆ ಬಂದು ಕೂರುತ್ತದೆ; ಮುಖಕ್ಕೆ ಜೀವ ಬರುವುದು ಆ ಚುಕ್ಕೆಯಿಂದ.

ಇದರೊಂದಿಗೆ ಇನ್ನೊಂದು ಚಾಳಿ ಸೇರಿದೆ. ಅದನ್ನು ಸುಕ್ಕುಗಳ ಪೂಜೆ ಎಂದು ಕರೆಯುತ್ತೇನೆ. ಮುದುಕರ ಮುಖ ಸಿಕ್ಕಿತೋ, ಕಂಪ್ಯೂಟರಿನಲ್ಲಿ ಅದರ ಗೆರೆಗಳನ್ನು ಮತ್ತಷ್ಟು ಕೆತ್ತಿ, ನೆರಳನ್ನು ಕಪ್ಪು ಮಾಡಿ, ಉತ್ತ ನೆಲದಂತೆ ತೋರಿಸುವುದು. ದೂರದಿಂದ ಕದ್ದು ತೆಗೆದಾಗ ಮುಖದಲ್ಲಿ ಬೇರೆ ಏನೂ ನಡೆದಿರುವುದಿಲ್ಲವಾದ್ದರಿಂದ ಸುಕ್ಕುಗಳೇ ವಿಷಯವಾಗುತ್ತವೆ. ಈ ಚಿತ್ರಗಳಿಗೆ ಇಟ್ಟ ಹೆಸರುಗಳನ್ನು ನೋಡಿ: "ಬಾಳ ಸಂಜೆ", "ಅನುಭವ", "ಕಾಲನ ಕೆತ್ತನೆ". ಒಬ್ಬರಿಗೂ ಅವರ ಹೆಸರಿಲ್ಲ.

ಪಕ್ಕದ ಕೋಣೆಗೆ ಹೋದರೆ ಅಲ್ಲಿ ಹಕ್ಕಿಗಳು. ಪ್ರತಿಯೊಂದರ ಕೆಳಗೂ ಇಂಗ್ಲಿಷ್ ಹೆಸರು, ಲ್ಯಾಟಿನ್ ಹೆಸರು, ಕೆಲವಕ್ಕೆ ಕನ್ನಡದ ಹೆಸರೂ ಉಂಟು. ಯಾವ ಕೆರೆ, ಯಾವ ತಿಂಗಳು ಎಂಬುದು ಕೂಡ. ಒಂದು ಗದ್ದೆಗೊರವಕ್ಕೆ ಸಂದ ಮರ್ಯಾದೆ ಒಬ್ಬ ಮುದುಕಿಗೆ ಸಲ್ಲಲಿಲ್ಲವಲ್ಲ ಎಂದು ನಾನು ಅಲ್ಲಿಯೇ ನಿಂತು ಯೋಚಿಸಿದೆ.

ಇದರ ಬೇರು ಎಲ್ಲಿದೆಯೆಂಬುದರ ಬಗ್ಗೆ ನನಗೊಂದು ಊಹೆಯಿದೆ. ನಮ್ಮ ನಾಡಿನಲ್ಲಿ ಉದ್ದ ಮಸೂರದ ಪರಂಪರೆ ದೊಡ್ಡದು, ಹೆಮ್ಮೆಪಡತಕ್ಕದ್ದು. ಆದರೆ ಅದು ಕಾಡಿನ ಪರಂಪರೆ. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್, ಸೊಂಡೂರಿನ ಎಂ. ವೈ. ಘೋರ್ಪಡೆ ಮುಂತಾದವರು ಆ ದಾರಿಯನ್ನು ಕಡಿದವರು. ಮರೆಯಲ್ಲಿ ಕೂರುವುದು, ಉಸಿರು ಬಿಗಿಹಿಡಿಯುವುದು, ಪ್ರಾಣಿಗೆ ತನ್ನ ಇರವು ತಿಳಿಯದಂತೆ ನೋಡಿಕೊಳ್ಳುವುದು ಕಾಡಿನಲ್ಲಿ ಕೌಶಲವೂ ಹೌದು, ಸೌಜನ್ಯವೂ ಹೌದು. ಗೂಡಿನಲ್ಲಿ ಕುಳಿತ ಹಕ್ಕಿಯನ್ನು ಮಾತನಾಡಿಸಲು ಹೋಗುವವನು ಮೂರ್ಖ. ಅದೇ ಶಿಸ್ತನ್ನು ಹೊತ್ತುಕೊಂಡು ನಾವು ಪರಿಷೆಗೆ ಬಂದೆವು. ಕಡಲೆಕಾಯಿ ಮಾರುವವಳ ಮುಂದೆಯೂ ಮರದ ಮರೆ ಹುಡುಕಿದೆವು.

ತಿಳಿಯದಂತೆ ತೆಗೆದ ಮುಖದಲ್ಲಿಯೇ ಸತ್ಯವಿದೆ, ತಿಳಿದರೆ ಜನ ನಟಿಸುತ್ತಾರೆ ಎಂದು ಕೆಲವರು ವಾದಿಸುತ್ತಾರೆ. ಈ ವಾದ ಹಗುರವಲ್ಲ. ಪಾಲ್ ಸ್ಟ್ರ್ಯಾಂಡ್ ೧೯೧೬ರಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ, ಕ್ಯಾಮರಾ ಬೇರೆ ಕಡೆಗೆ ತಿರುಗಿದೆ ಎಂದು ತೋರುವಂಥ ಉಪಾಯ ಹೂಡಿ ಮುಖಗಳನ್ನು ತೆಗೆದ. ಕುರುಡಿ ಎಂದು ಬರೆದ ಫಲಕವನ್ನು ಕತ್ತಿಗೆ ತೂಗಿಕೊಂಡ ಹೆಂಗಸಿನ ಚಿತ್ರ ಆಗಿನದೇ. ಅದನ್ನು ಅಲ್ಲಗಳೆಯುವ ಎದೆ ನನಗಿಲ್ಲ. ಆದರೆ ಅದೇ ಸ್ಟ್ರ್ಯಾಂಡ್ ೧೯೫೧ರಲ್ಲಿ ಫ್ರಾನ್ಸಿನ ಗೊಂದವೀಲ್ ಎಂಬಲ್ಲಿ ತೆಗೆದ ಹುಡುಗನ ಚಿತ್ರವನ್ನು ನೋಡಿ. ಹುಡುಗ ನಮ್ಮನ್ನೇ ನೆಟ್ಟಗೆ ನೋಡುತ್ತಿದ್ದಾನೆ, ಬಹುಶಃ ಸಿಟ್ಟಿನಿಂದ. ತಿಳಿದೂ ನಟಿಸದ ಮುಖಕ್ಕೆ ಅದಕ್ಕಿಂತ ಸಾಕ್ಷಿ ಬೇಡ.

ನಮ್ಮ ಕಾಲಕ್ಕೆ ಹತ್ತಿರದ ನಿದರ್ಶನ ಫಿಲಿಪ್-ಲೋರ್ಕಾ ಡಿಕೋರ್ಸಿಯ ಎಂಬ ಅಮೆರಿಕನ್ನನದು. ಆತ ೧೯೯೯ರಿಂದ ೨೦೦೧ರವರೆಗೆ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಕಟ್ಟಡದ ಸಾರುವೆಗೆ ಫ್ಲಾಷ್ ದೀಪಗಳನ್ನು ಕಟ್ಟಿ, ತಾನು ಉದ್ದ ಮಸೂರದೊಂದಿಗೆ ದೂರ ನಿಂತು, ಆ ಬೆಳಕಿನ ಕೆಳಗೆ ಹಾದುಹೋದವರ ಮುಖಗಳನ್ನು ಅವರಿಗರಿಯದಂತೆ ತೆಗೆದ. ಸಾವಿರಾರು ತೆಗೆದು ಹದಿನೇಳನ್ನು ಪ್ರದರ್ಶಿಸಿದ. ಅವು ಅದ್ಭುತವಾದ ಚಿತ್ರಗಳು. ಕತ್ತಲ ನಡುವೆ ಒಂದೊಂದು ಮುಖವೂ ದೇವರ ಗುಡಿಯಲ್ಲಿನ ವಿಗ್ರಹದಂತೆ ಬೆಳಗುತ್ತದೆ. ಉದ್ದ ಮಸೂರದ ಬಳಕೆಯಲ್ಲಿ ಕಲಿಯತಕ್ಕದ್ದು ಅಲ್ಲಿ ಬೇಕಾದಷ್ಟಿದೆ: ಮೊದಲು ಬೆಳಕನ್ನು, ಜಾಗವನ್ನು ಗೊತ್ತುಮಾಡಿಕೊಂಡು ಆಮೇಲೆ ಮುಖಕ್ಕಾಗಿ ಕಾಯುವುದು, ಸಾವಿರದಲ್ಲಿ ಹದಿನೇಳನ್ನು ಉಳಿಸಿಕೊಳ್ಳುವ ನಿಷ್ಠುರತೆ. ಆದರೆ ಆ ಹದಿನೇಳರಲ್ಲಿ ಒಬ್ಬ ವೃದ್ಧ ಯಹೂದಿ ತನ್ನ ಮುಖ ಹೀಗೆ ಪ್ರದರ್ಶನಕ್ಕೆ ಇಟ್ಟುದು ತನ್ನ ಧರ್ಮಕ್ಕೆ ವಿರುದ್ಧವೆಂದು ದಾವೆ ಹೂಡಿದ. ೨೦೦೬ರಲ್ಲಿ ನ್ಯಾಯಾಲಯ ಅದನ್ನು ವಜಾ ಮಾಡಿತು. ಅದು ಕಲೆ, ವ್ಯಾಪಾರವಲ್ಲ ಎಂಬುದು ಅಲ್ಲಿ ಗೆದ್ದ ವಾದ. ತೀರ್ಪು ಕಾನೂನಿನ ಪ್ರಕಾರ ಸರಿಯೇ ಇರಬಹುದು. ಆದರೂ ಆ ಚಿತ್ರವನ್ನು ನೋಡುವಾಗಲೆಲ್ಲ ನನಗೆ ಎರಡು ಮನಸ್ಸು. ಚಿತ್ರ ಇರಬಾರದಾಗಿತ್ತು ಎನ್ನಲಾರೆ. ಮುದುಕನ ದೂರು ಸುಳ್ಳು ಎನ್ನಲೂ ಆರೆ.

ನಮ್ಮವರೇ ಆದ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯದಿದ್ದರೆ ತಪ್ಪಾದೀತು. ಮೈಸೂರಿನಲ್ಲಿ ೧೯೨೩ರಲ್ಲಿ ಹುಟ್ಟಿ ೨೦೦೯ರಲ್ಲಿ ಅದೇ ಊರಿನಲ್ಲಿ ತೀರಿಕೊಂಡ ಸತ್ಯನ್, ಮಕ್ಕಳ ವರ್ಷವಾದ ೧೯೭೯ರಲ್ಲಿ ವಿಶ್ವಸಂಸ್ಥೆಯ ಕಟ್ಟಡದಲ್ಲಿ ತಮ್ಮ ಮಕ್ಕಳ ಚಿತ್ರಗಳನ್ನು ತೂಗುಹಾಕಿದವರು. ಅವರ ಚಿತ್ರಗಳ ಮುಂದೆ ನಿಂತರೆ ಮಕ್ಕಳು ಕೈಗೆಟುಕುವಷ್ಟು ದೂರದಲ್ಲಿದ್ದಾರೆ ಎನ್ನಿಸುತ್ತದೆ. ಹಿಂದೆ ಗೋಡೆಯಿದೆ, ಬೀದಿಯಿದೆ, ಇನ್ನಾರೋ ಇಣುಕುತ್ತಿದ್ದಾರೆ. ಒಂದು ಮನೆತನದೊಳಗೆ ಹೊಕ್ಕು ಬಂದಂತಾಗುತ್ತದೆ. ನಮ್ಮ ತರುಣರು ಮಸೂರ ಕೊಳ್ಳುವ ಮೊದಲು ಆ ಚಿತ್ರಗಳನ್ನೊಮ್ಮೆ ನೋಡಬೇಕೆಂಬುದು ನನ್ನ ಆಸೆ.

ಹಾಗಾದರೆ ಉದ್ದ ಮಸೂರವನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಬೇಕೆ? ಬೇಡ. ಎರಡನೆಯ ಸಲ ನಾನು ಅಜ್ಜಿಯ ಬಳಿ ಅರ್ಧ ಗಂಟೆ ಕುಳಿತಿದ್ದೆ. ಆಮೇಲೆ "ಒಂದು ಪಟ ತೆಗೀತೀನಿ, ರಸ್ತೆ ಆಚೆಯಿಂದ" ಎಂದು ಹೇಳಿಯೇ ಎದ್ದೆ. ಸಂಜೆ ನಾಲ್ಕೂವರೆಯಾಗಿತ್ತು, ಬಿಸಿಲು ಕಟ್ಟಡಗಳ ಹಿಂದೆ ಸರಿದಿತ್ತು. ಅದೇ ಮಸೂರ, ಅದೇ ರಸ್ತೆ. ಕ್ಯಾಮರಾವನ್ನು ಅವಳ ಕಣ್ಣಿನ ಎತ್ತರಕ್ಕೆ ಇಳಿಸಿ, ರಾಶಿ ಮುಂದೆ ಕಾಣುವಷ್ಟು ಹಿಂದಕ್ಕೆ ಸರಿದು, ಮೊಮ್ಮಗನ ಹೆಗಲು ಒಂದು ಬದಿಗೆ ಬರುವಂತೆ ನೋಡಿಕೊಂಡೆ. ಜನ ಅಡ್ಡ ಹಾಯುತ್ತಿದ್ದರು. ಸಂದಿಯಾದಾಗಲೆಲ್ಲ ಅವಳು ನನ್ನನ್ನು ಹುಡುಕಿ ನೋಡುತ್ತಿದ್ದಳು. ನಡುವೆ ಒಬ್ಬ ಗಿರಾಕಿ ಬಂದ. ಅವಳು ನನ್ನನ್ನು ಮರೆತು ಅವನೊಡನೆ ಸೇರಿನ ತಳ ತೋರಿಸಿ ಜಗಳಕ್ಕೆ ನಿಂತಳು. ಆ ಚಿತ್ರವನ್ನೇ ಉಳಿಸಿಕೊಂಡೆ. ಮೊದಲೇ ತಿಳಿದಿದ್ದರೂ ಯಾರೂ ದಿನವೆಲ್ಲ ನಟಿಸುತ್ತ ಕೂರುವುದಿಲ್ಲ. ವ್ಯಾಪಾರ ನಿಲ್ಲಿಸಿ ನಮಗಾಗಿ ಕೂರುವಷ್ಟು ಪುರುಸೊತ್ತು ಯಾರಿಗಿದೆ? ದೂರ ನಿಲ್ಲುವ ಮಸೂರದ ಲಾಭ ಅಲ್ಲಿದೆ: ಪರಿಚಯವಾದ ಮೇಲೆ ಹಿಂದಕ್ಕೆ ಸರಿದು ಅವರನ್ನು ಅವರ ಕೆಲಸಕ್ಕೆ ಬಿಟ್ಟುಕೊಡಬಹುದು.

ಇನ್ನು ನೆನಪಿನಲ್ಲಿ ನಿಂತ ಆ ಒಂದು ಚಿತ್ರ. ಆನೆಗೊಂದಿಯ ಹೊಳೆಯಲ್ಲಿ ಹರಿಗೋಲು ನಡೆಸುವ ಒಬ್ಬ ಅಂಬಿಗನದು. ಕೆಳಗೆ ಅವನ ಹೆಸರು, ಊರು ಎರಡೂ ಇದ್ದವು. ಗೋಡೆಯ ಮೇಲೆ ಬರೆಯಲು ಅವನು ಒಪ್ಪಿದ್ದನಂತೆ, ಪತ್ರಿಕೆಯಲ್ಲಿ ಬರೆಯಲು ನಾನು ಕೇಳಿಲ್ಲವಾದ್ದರಿಂದ ಇಲ್ಲಿ ಬಿಡುತ್ತೇನೆ. ಅವನಿಗೂ ದಡಕ್ಕೂ ನಲವತ್ತು ಅಡಿಯಷ್ಟು ನೀರು. ಉದ್ದ ಮಸೂರವಿಲ್ಲದೆ ಆ ಚಿತ್ರ ಸಾಧ್ಯವಿಲ್ಲ. ಮ��ಡ ಮುಸುಕಿದ ಬೆಳಕು ಕೆಳಗಿನಿಂದ, ನೀರಿನಿಂದಲೂ ಬಂದು ಮುಖವನ್ನು ತುಂಬಿದೆ. ಅಪರ್ಚರನ್ನು ಸಾಕಷ್ಟು ಕಿರಿದು ಮಾಡಿರುವುದರಿಂದ ಹಿಂದಿನ ಬಂಡೆಗಳು ಮಸುಕಾಗಿದ್ದರೂ ಬಂಡೆಗಳಾಗಿಯೇ ಉಳಿದಿವೆ. ಹಂಪೆಯ ಸೀಮೆಯನ್ನು ಒಮ್ಮೆ ಕಂಡವರೂ ಗುರುತಿಸುತ್ತಾರೆ. ಹುಟ್ಟನ್ನು ನೀರಿನಿಂದ ಎತ್ತಿ ಹಿಡಿದು, ಹನಿ ತೊಟ್ಟಿಕ್ಕುತ್ತಿರುವಂತೆಯೇ, ಅವನು ನೆಟ್ಟಗೆ ದಡದ ಕಡೆ ನೋಡುತ್ತಿದ್ದಾನೆ. ಆ ನೋಟದಲ್ಲಿ ಅವಸರವಿದೆ, ನಗುವಿದೆ.

ತೆಗೆದಾಕೆ ಇಪ್ಪತ್ತೆರಡರ ತರುಣಿ, ಅಲ್ಲಿಯೇ ನಿಂತಿದ್ದಳು. ಹೇಗೆ ತೆಗೆದೆಯಮ್ಮ ಎಂದು ಕೇಳಿದೆ. ಕ್ಯಾಮರಾವನ್ನು ಚೀಲದಲ್ಲಿಟ್ಟುಕೊಂಡೇ ನಾಲ್ಕು ಸಲ ದುಡ್ಡು ಕೊಟ್ಟು ಅವನ ಹರಿಗೋಲಿನಲ್ಲಿ ಆಚೆಗೂ ಈಚೆಗೂ ಹೋಗಿ ಬಂದಳಂತೆ. ಐದನೆಯ ಸಲ ಹತ್ತದೆ ದಡದಲ್ಲಿಯೇ ಉಳಿದು, ಅವನು ನೀರಿಗಿಳಿದ ಮೇಲೆ, "ಯಜಮಾನ್ರೆ, ಅಲ್ಲೇ ಒಂದು ಗಳಿಗೆ ನಿಲ್ಲಿ" ಎಂದು ಕೂಗಿದಳಂತೆ. ಅವನು ಹುಟ್ಟು ಎತ್ತಿ ಹೇಳಿದನಂತೆ:

"ಹೊಳಿ ನಿಲ್ಲಂಗಿಲ್ಲ ಯವ್ವಾ, ಲಗೂನ ತೆಗಿ!"